ಸಿಂಹ ರಾಶಿಗೆ ಇಂದು ಭೂಲಾಭವಂತೆ!

ಬೆಳಗಾದ್ರೆ ಸಾಕು, ಟೀವಿಯಲ್ಲಿ ದಿನಭವಿಷ್ಯ. ‘ಸಿಂಹ ರಾಶಿಯವರಿಗೆ ಇಂದು ಭೂ ವ್ಯವಹಾರದಲ್ಲಿ ಲಾಭ’. ಈ ಮಾತು ಬರೋದು ಎಲ್ಲಿಂದ?

ಮಖೆ, ಪುಬ್ಬೆ, ಉತ್ತರೆಯ ಮೊದಲ ಪಾದ, ಇವುಗಳಲ್ಲಿ ಹುಟ್ಟಿದವರದು ಸಿಂಹ ರಾಶಿ. ಚಂದ್ರ ಒಂದೊಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರ್ತಾನೆ. ಸಿಂಹದಿಂದ ಎಣಿಸಿದ್ರೆ ಅವನು ಎಷ್ಟನೇ ಮನೆಯಲ್ಲಿದ್ದಾನೆ ಅನ್ನೋದೇ ದಿನಭವಿಷ್ಯದ ಮುಖ್ಯ ಬಂಡವಾಳ. ಎಂಟನೇ ಮನೆ ಮೀನಕ್ಕೆ ಬಂದ್ರೆ ಚಂದ್ರಾಷ್ಟಮ, ಎಚ್ಚರ! ಅಂದರೆ ಈ ಲೆಕ್ಕದಲ್ಲಿ ಎರಡು ದಿನ ಹೆಚ್ಚುಕಡಿಮೆ ಒಂದೇ ಫಲ ಹೇಳಬೇಕು. ಆದರೆ ಕಾರ್ಯಕ್ರಮಕ್ಕೆ ದಿನಾ ಹೊಸ ವಾಕ್ಯ ಬೇಕಲ್ಲ! ಪತ್ರಿಕೆಗೂ ಅಷ್ಟೇ. 1930ರಲ್ಲಿ ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಆಕೆಯ ಜಾತಕ ಬರೆಸಿತು. ಓದುಗರಿಗೆ ರುಚಿ ಹತ್ತಿತು, ಅಂಕಣ ಬೆಳೀತು.

ಈಗ ಪಾವಗಡಕ್ಕೆ ಬನ್ನಿ. ಪೇಟೆಯಲ್ಲಿ ಶನಿಮಹಾತ್ಮನ ಗುಡಿ. ಆಚೆ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಅಪ್ಪ ಸೂರ್ಯ ಒಂದು ಕಡೆ, ಮಗ ಶನಿ ಇನ್ನೊಂದು ಕಡೆ. ಸಿಂಹದ ಅಧಿಪತಿಯೂ ಸೂರ್ಯನೇ ನೋಡಿ! 2025ರ ಮಾರ್ಚ್‌ನಲ್ಲಿ ಶನಿ ಮೀನಕ್ಕೆ ಕಾಲಿಟ್ಟ, ಸಿಂಹದವರಿಗೆ ಅಷ್ಟಮ ಶನಿ. ಎರಡೂವರೆ ವರ್ಷ ಕಷ್ಟ ಅಂತಾರೆ. ಎಳ್ಳೆಣ್ಣೆ ಹಿಡಿದು ಜನ ಹೊರಡ್ತಾರೆ.

ಆದರೆ ಕ್ಯಾತಗಾನಚೆರ್ಲುವಿನ ರೈತನ ಭೂಲಾಭ ನಿಂತಿರೋದು ಗುತ್ತಿಗೆ ಪತ್ರದ ಮೇಲೆ. ಶುರುವಿನ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ.5 ಏರಿಕೆ. ದಿನಕ್ಕೆ ಭಾಗಿಸಿದ್ರೆ 57 ರೂಪಾಯಿ ಚಿಲ್ಲರೆ. ಮಳೆ ಕೈಕೊಡೋ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ, ದೊಡ್ಡ ಮಾತೂ ಅಲ್ಲ. ಸಿಂಹದವನಿಗೂ ಪಕ್ಕದ ಹೊಲದ ಮೀನದವನಿಗೂ ಅಷ್ಟೇ ದುಡ್ಡು. ಅದೇ ಸಿಂಹ ರಾಶಿಯ ಜಮೀನಿಲ್ಲದ ಕೂಲಿ ಹೆಂಗಸಿದ್ದಾಳಲ್ಲ, ಅವಳಿಗೆ ಗುತ್ತಿಗೆ ಹಣ ಒಂದು ಪೈಸೆ ಇಲ್ಲ. ಕಳೆ ಕೀಳೋ ಕಡ್ಲೆಕಾಯಿ ಹೊಲವೇ ಇಲ್ಲ.

ಗುಡಿಯಲ್ಲಿ ದೀಪ ಹಚ್ಚಿ, ತಕರಾರಿಲ್ಲ. ಆದರೆ ಒಪ್ಪಂದದ ಪ್ರತಿ ಮನೇಲಿದೆಯಾ, ಪಹಣಿಯಲ್ಲಿ ಯಾರ ಹೆಸರಿದೆ, ಆ ಶೇ.5 ಖಾತೆಗೆ ಬಿತ್ತಾ, ಇವಿಷ್ಟನ್ನ ವಾಪಸ್ ಬರ್ತಾ ಬ್ಯಾಂಕಲ್ಲಿ, ನಾಡಕಚೇರಿಯಲ್ಲಿ ಕೇಳ್ಕೊಂಡು ಬನ್ನಿ. ಶನಿವಾರವಾದ್ರೆ ರಜೆ ಇದೆಯಾ ನೋಡ್ಕೊಳ್ಳಿ.