ರಂಗದ ಸುಭದ್ರೆ, ಬೈಠಕ್ಕಿನ ಗುರು

ಮೀರಜದಿಂದ ಬೆಳಗಾವಿ, ಲೋಂಡಾಗಳನ್ನು ದಾಟಿ ಬರುವ ರೈಲು ಅಳ್ನಾವರವನ್ನು ಮುಟ್ಟುವಾಗ ಕಾಡು ಹಿಂದೆ ಸರಿದು ಧಾರವಾಡದ ಬಯಲುಸೀಮೆ ಸಮೀಪಿಸುತ್ತದೆ. ಕನ್ನಡ ನಾಡಿನ ಹಿಂದುಸ್ತಾನಿ ಸಂಗೀತದ ಚರಿತ್ರೆಯಲ್ಲಿ ಈ ಹಾದಿಗೆ ವಿಶೇಷ ಸ್ಥಾನವುಂಟು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೀರಜದಲ್ಲಿ ನೆಲೆಸಿದ್ದರು. ಅವರ ಗಾಯನವು ಕುಂದಗೋಳದ ನಾಡಿಗೇರರ ವಾಡೆಯಲ್ಲಿಯೂ ಮೊಳಗುತ್ತಿತ್ತು.

ಆ ವಾಡೆಯ ಆಶ್ರಯದಲ್ಲಿದ್ದ ಗಣೇಶ ಸಂಶಿಯವರ ಮಗ ರಾಮಚಂದ್ರ. ಮುಂದೆ ‘ಸವಾಯಿ ಗಂಧರ್ವ’ರೆಂದು ಖ್ಯಾತರಾದ ರಾಮಭಾವು ಕುಂದಗೋಳಕರರು ಇವರೇ. 1886ರಲ್ಲಿ ಜನಿಸಿದ ಈ ಬಾಲಕನಿಗೆ ಕಂಠಮಾಧುರ್ಯವು ಹುಟ್ಟಿನಿಂದಲೇ ಒಲಿದು ಬಂದುದಲ್ಲ. ಖಾನ್ ಸಾಹೇಬರ ಬಳಿ ವರ್ಷಗಟ್ಟಲೆ ನಡೆಸಿದ ಕಠಿಣ ಸಾಧನೆಯಿಂದಲೇ ಅದು ಪಳಗಿತು.

ಆದರೆ ಶಿಷ್ಯನನ್ನು ರಂಗಭೂಮಿ ಕೈಬೀಸಿ ಕರೆಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಶಾಕುಂತಲ’ದೊಡನೆ ಮರಾಠಿ ಸಂಗೀತ ನಾಟಕಕ್ಕೆ ಹೊಸ ಮೆರುಗು ತಂದಿದ್ದರು. ರಾಗದ ಬಲದಿಂದಲೇ ಕಥೆಯನ್ನು ನಡೆಸುವ ಈ ನಾಟಕಗಳು ಪಾಶ್ಚಾತ್ಯರ ಆಪೆರಾವನ್ನು ನೆನಪಿಸುವಂಥವು. ಗಂಡಸರೇ ಹೆಣ್ಣಿನ ಪಾತ್ರ ವಹಿಸುತ್ತಿದ್ದ ಆ ಕಾಲದಲ್ಲಿ ರಾಮಭಾವುಗಳು ‘ಸೌಭದ್ರ’ದ ಸುಭದ್ರೆಯಾಗಿ ಮೆರೆದರು. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಅವರನ್ನು ‘ಸವಾಯಿ ಗಂಧರ್ವ’ರೆಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಬಾಲಗಂಧರ್ವರ ಕೀರ್ತಿ ಮನೆಮನೆಗೂ ಹಬ್ಬಿದ್ದ ದಿನಗಳಲ್ಲಿ ಇದಕ್ಕಿಂತ ಹಿರಿದಾದ ಮೆಚ್ಚುಗೆ ಇನ್ನಾವುದಿದ್ದೀತು!

ನಾಟಕದಲ್ಲಿ ಪದಕ್ಕೆ ದೊರೆಯುವುದು ಕೆಲವೇ ನಿಮಿಷ; ಬೈಠಕ್ಕಿನಲ್ಲಿ ಒಂದು ರಾಗಕ್ಕೇ ಗಂಟೆಗಳು ಮೀಸಲು. ಪ್ರೇಕ್ಷಕರ ‘ಒನ್ಸ್‌ಮೋರ್’ ಕೂಗನ್ನು ಹಿಂದೆ ಬಿಟ್ಟು, ವಿಲಂಬಿತದಲ್ಲಿ ಸ್ವರಸ್ವರವಾಗಿ ರಾಗವನ್ನು ಬೆಳೆಸುವ ಕಿರಾಣಾ ಪದ್ಧತಿಗೆ ಅವರು ಮರಳಿದರು. ಬಣ್ಣ ಕಳಚಿದ ಮೇಲೂ ಕೀರ್ತಿ ಕಳಚಲಿಲ್ಲ.

ಅವರ ನಿಜವಾದ ಸಂಪತ್ತು ಶಿಷ್ಯರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಗದಗಿನ ಭೀಮಸೇನ ಜೋಶಿಯವರು ಗುರುಗೃಹದಲ್ಲಿ ನೀರು ಹೊತ್ತು ವಿದ್ಯೆ ಕಲಿತರು. ಬಸವರಾಜ ರಾಜಗುರು, ಫಿರೋಜ್ ದಸ್ತೂರರೂ ಅವರಿಂದ ಪಾಠ ಪಡೆದವರೇ.

ಕೊನೆಗಾಲದಲ್ಲಿ ಪಾರ್ಶ್ವವಾಯು ಬಡಿದು ಗುರುಗಳ ಕಛೇರಿಗಳು ನಿಂತುಹೋದವು. ಅಷ್ಟು ಶ್ರಮದಿಂದ ಪಳಗಿಸಿದ ಕಂಠವು ಮೌನವಾಗುವುದೆಂದರೆ ಗಾಯಕನಿಗೆ ಅದಕ್ಕಿಂತ ದೊಡ್ಡ ಕಷ್ಟವುಂಟೇ? ಆದರೆ 1946ರಲ್ಲಿ ಪುಣೆಯಲ್ಲಿ ಅವರ ಅರವತ್ತನೆಯ ಹುಟ್ಟುಹಬ್ಬದ ಸಮಾರಂಭ ನಡೆದಾಗ ತರುಣ ಭೀಮಸೇನರು ಹಾಡಿ ರಸಿಕರ ಮನಗೆದ್ದರು. ಗುರುವಿನ ಕಂಠ ತಗ್ಗಿದ ಹೊತ್ತಿಗೆ ಗುರುವಿನ ವಿದ್ಯೆ ಶಿಷ್ಯನ ಕಂಠದಲ್ಲಿ ಏರಿತ್ತು.

1952ರ ಸೆಪ್ಟೆಂಬರಿನಲ್ಲಿ ಸವಾಯಿ ಗಂಧರ್ವರು ಕಾಲವಾದರು. ಮರುವರ್ಷವೇ ಅವರ ಸ್ಮರಣೆಯಲ್ಲಿ ಪುಣೆಯ ಸಂಗೀತೋತ್ಸವ ಮೊದಲಾಯಿತು. ಭೀಮಸೇನರು ಅದನ್ನು ದಶಕಗಳ ಕಾಲ ನಡೆಸಿದರು. 2002ರಲ್ಲಿ ಗಂಗೂಬಾಯಿಯವರಿಗೆ ಪದ್ಮವಿಭೂಷಣವೂ, 2008ರಲ್ಲಿ ಭೀಮಸೇನರಿಗೆ ಭಾರತರತ್ನವೂ ಸಂದವು. ಕುಂದಗೋಳದ ಆ ಹಳೆಯ ವಾಡೆಯಲ್ಲಿಯೂ ಗುರುವಿನ ಹೆಸರಿನಲ್ಲಿ ಅಹೋರಾತ್ರಿ ತಂಬೂರಿ ನುಡಿದಿದೆ. ರಂಗದ ಸುಭದ್ರೆಯನ್ನು ಕಂಡವರು ಇಂದು ಯಾರೂ ಉಳಿದಿರಲಾರರು. ಬೈಠಕ್ಕಿನ ಗುರು ಮಾತ್ರ ಶಿಷ್ಯಪರಂಪರೆಯ ಕಂಠಗಳಲ್ಲಿ ಬಾಳಿದ್ದಾರೆ.