ರವೆ ಉಂಡೆ ಮತ್ತು ಒಂದು ‘ನಂ’

ಭಾನುವಾರ ಬೆಳಿಗ್ಗೆ ಏಳೂವರೆಗೆ ಮೈಸೂರಿನ ಚಾಮುಂಡಿಪುರದ ಮನೆಯೊಂದರ ನಡುಮನೆಯಲ್ಲಿ ಒಂದು ಸ್ಟೀಲ್ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಬಟ್ಟಲಲ್ಲಿರುವುದು ಸಣ್ಣ ರವೆ. ಏಳು ವರ್ಷದ ಹುಡುಗನೊಬ್ಬ ಚಿಮುಕಿಸಿ ಚಿಮುಕಿಸಿ ನೀರು ಹಾಕಿ ಅದನ್ನು ನಾದುತ್ತಾನೆ. ತೀರಾ ತೆಳುವಾದರೆ ಚರ್ಮದ ಮೇಲೆ ಜಾರುತ್ತದೆ, ಗಟ್ಟಿಯಾದರೆ ನಾಲ್ಕು ಏಟಿಗೆ ಕಿತ್ತು ಬರುತ್ತದೆ. ಹುಡುಗನಿಗೆ ಇನ್ನೂ ಹದ ಸಿಕ್ಕಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಅವನ ಕೈಯಿಂದ ಉಂಡೆ ತೆಗೆದುಕೊಂಡು, ಎರಡು ಸಲ ಅಂಗೈಯಲ್ಲಿ ಹೊರಳಿಸಿ, ‘ಚಪಾತಿ ಹಿಟ್ಟಿಗಿಂತ ಒಂಚೂರು ಮೆತ್ತಗೆ ಕಣೋ’ ಎಂದು ವಾಪಸು ಕೊಟ್ಟರು. ರವೆಯ ವಿಷಯದಲ್ಲಿ ಆ ಮನೆಗೆ ಅವರೇ ಗುರು. ಉಳಿದೆಲ್ಲದರಲ್ಲಿ ಅವರೂ ಆ ಹುಡುಗನೂ ಒಂದೇ ಪಾಠದಲ್ಲಿದ್ದಾರೆ. ಅವರಿಗೆ ಅರವತ್ತೊಂದು.

ಹೀಗೊಬ್ಬರು ಈ ವಯಸ್ಸಿನಲ್ಲಿ ಮೃದಂಗ ಹಿಡಿದಿದ್ದಾರೆ ಎಂದು ಗೆಳತಿ ಹೇಳಿದ್ದಕ್ಕೇ ನಾನು ಹೋದದ್ದು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಹುಡುಗಿಯಾಗಿದ್ದಾಗ ಮನೆಗೆ ಇಬ್ಬರು ಮೇಷ್ಟ್ರು ಬರುತ್ತಿದ್ದರಂತೆ. ಅಣ್ಣನಿಗೆ ಮೃದಂಗ, ಇವರಿಗೆ ಹಾಡುಗಾರಿಕೆ. ಅಣ್ಣನ ಪಾಠವನ್ನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡು, ಬೋರಲು ಹಾಕಿದ ಕೊಳದಪ್ಪಲೆಯ ಮೇಲೆ ಬಾರಿಸುತ್ತಿದ್ದರು. ಒಂದು ದಿನ ತಂದೆ ನೋಡಿಬಿಟ್ಟರು. ‘ಅಪ್ಪ ಬೈಲಿಲ್ಲ ಕಣ್ರೀ, ನಕ್ಕುಬಿಟ್ರು. ಬೈದಿದ್ರೆ ಹಟ ಹಿಡೀತಿದ್ನೋ ಏನೋ’ ಎಂದರು. ಅಣ್ಣ ಎಸ್ಸೆಸ್ಸೆಲ್ಸಿಗೆ ಬಂದಾಗ ಮೃದಂಗ ಅಟ್ಟ ಸೇರಿತು. ಇವರು ಮದುವೆಯಾಗಿ, ಮಕ್ಕಳನ್ನು ದೊಡ್ಡವರು ಮಾಡಿ, ನಿವೃತ್ತರಾದ ಮೇಲೆ ಅಟ್ಟದಿಂದ ಅದೇ ಮೃದಂಗವನ್ನು ಇಳಿಸಿದರು. ಚರ್ಮವನ್ನೆಲ್ಲ ಇಲಿ ತಿಂದಿತ್ತು. ಹಲಸಿನ ಮರದ ಒಡಲಿಗೆ ಮಾತ್ರ ಏನೂ ಆಗಿರಲಿಲ್ಲ. ಹೊಸ ಮುಖಗಳನ್ನು ಕಟ್ಟಿಸಿಕೊಂಡು ತಂದದ್ದೇ ಈಗ ಅವರ ಮುಂದಿದೆ.

ಕೂರುವುದನ್ನೇ ಮೊದಲು ಕಲಿಯಬೇಕು. ಎಡಗಾಲು ಮಡಚಿ, ಬಲಗಾಲನ್ನು ಸ್ವಲ್ಪ ಚಾಚಿ, ಪಾದದ ಮೇಲೆ ವಾದ್ಯದ ಬಲಭಾಗವನ್ನು ಒರಗಿಸಬೇಕು. ಮಕ್ಕಳ ಕಾಲಿಗೆ ಅದು ಆಟ, ಅರವತ್ತೊಂದರ ಮಂಡಿಗೆ ಅಲ್ಲ. ಅವರು ತೊಡೆಯ ಕೆಳಗೆ ಹಳೆಯ ಸೀರೆಯ ಮಡಿಕೆಯೊಂದನ್ನು ತುರುಕಿಕೊಳ್ಳುತ್ತಾರೆ. ಆಮೇಲೆ ವಾದ್ಯ ಮುಟ್ಟದೆ ಕೈಯಲ್ಲಿ ಆದಿತಾಳ: ಒಂದು ಏಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಏಟು ಮತ್ತು ಮಗುಚು, ಒಟ್ಟು ಎಂಟು. ಬಾಯಲ್ಲಿ ‘ತ ದಿ ತೊಂ ನಂ’. ಬಾಯಿಗೆ ಬಾರದ್ದು ಬೆರಳಿಗೆ ಬರುವುದಿಲ್ಲ ಎನ್ನುವುದು ಇಲ್ಲಿನ ಗುರುಗಳ ಪಾಠ. ಮೂರೂ ಕಾಲಗಳಲ್ಲಿ, ಅಂದರೆ ಮೂರೂ ವೇಗಗಳಲ್ಲಿ, ತಪ್ಪದೆ ಹೇಳಿದ ಮೇಲೆಯೇ ಕೈ ಚರ್ಮಕ್ಕೆ ತಾಗಬೇಕು.

ನಾಲ್ಕೇ ಸೊಲ್ಲು. ‘ತ’ ಎಡಗೈಯದು, ಬೆರಳು ಜೋಡಿಸಿ ತೊಪ್ಪಿಯ, ಅಂದರೆ ಎಡಮುಖದ, ಮೇಲೆ ಮುಚ್ಚಿದ ಏಟು. ‘ದಿ’ಗೆ ಬಲಗೈಯ ಕೊನೆಯ ಮೂರು ಬೆರಳು ನಡುವಿನ ಕಪ್ಪು ಕರಣೆಯ ಮೇಲೆ ಬೀಳಬೇಕು. ‘ತೊಂ’ ಮತ್ತೆ ಎಡಕ್ಕೆ, ಆದರೆ ಬಿಟ್ಟ ಏಟು. ಆಗ ಆ ರವೆಯ ಉಂಡೆ ಕೆಲಸ ಶುರು ಮಾಡುತ್ತದೆ. ಚರ್ಮದ ನಡುವೆ ತಟ್ಟಿದ ಆ ಭಾರದಿಂದಲೇ ಎಡಮುಖಕ್ಕೆ ಬಾವಿಯೊಳಗಿಂದ ಬಂದಂಥ ತಗ್ಗು ದನಿ.

ನಾಲ್ಕನೆಯದು ‘ನಂ’. ಹದಿನಾಲ್ಕು ತಿಂಗಳಿಂದ ಆಕೆ ಅದರ ಹಿಂದೆ ಬಿದ್ದಿದ್ದಾರೆ. ಬಲಗೈಯ ಉಂಗುರದ ಬೆರಳು ಕರಣೆಯ ಅಂಚಿಗೆ ಸುಮ್ಮನೆ ತಾಗಿರಬೇಕು. ಅದೇ ಗಳಿಗೆಯಲ್ಲಿ ತೋರುಬೆರಳು ಅಂಚಿನ ಚರ್ಮದ ಪಟ್ಟಿಯ ಮೇಲೆ ಬಿದ್ದು ಎದ್ದುಬಿಡಬೇಕು. ಉಂಗುರದ ಬೆರಳು ಕೊಂಚ ಒತ್ತಿದರೆ ನಾದ ಸತ್ತಿತು, ಎತ್ತಿಬಿಟ್ಟರೆ ಗಡಗಡ. ಹತ್ತಿರದಿಂದ ನೋಡಿದೆ. ತೋರುಬೆರಳಿನ ಮೊದಲ ಗೆಣ್ಣಿನ ಬಳಿ ಬಿಳಿಚಿದ ಗಟ್ಟಿ ಚರ್ಮ, ಮಡಿಕೆಯಲ್ಲಿ ಒಣಗಿದ ಸಣ್ಣ ಬಿರುಕು. ರಾತ್ರಿ ಕೊಬ್ಬರಿಎಣ್ಣೆ ಹಚ್ಚುತ್ತಾರಂತೆ. ಇಡೀ ಬೆಳಿಗ್ಗೆ ನೂರಾರು ಸಲ ಬಿದ್ದ ಆ ಬೆರಳಿನಿಂದ ‘ಟಕ್’ ಎನ್ನುವ ಮರದ ಸದ್ದೇ ಹೆಚ್ಚು. ಗುರುಗಳು ಒಂದು ಸಲವೂ ಗದರಲಿಲ್ಲ. ‘ಹೊಡೀಬೇಡಿ ಅಮ್ಮ, ಬಿಟ್ಟುಬಿಡಿ’ ಎಂದರು.

ಬಿಟ್ಟರೆ ಬರುವ ಆ ನಾದಕ್ಕೆ ಸಿ. ವಿ. ರಾಮನ್ ಕೂಡ ಮರುಳಾಗಿದ್ದರು. ಸಾಮಾನ್ಯ ಚರ್ಮವಾದ್ಯದಿಂದ ಹೊರಡುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಅಲ್ಲಿ ಸದ್ದಿದೆ, ಸ್ವರವಿಲ್ಲ. ಮೃದಂಗ, ತಬಲಾಗಳಲ್ಲಿ ಕರಣೆಯ ಭಾರ ಆ ಕಂಪನಗಳನ್ನು ತಂತಿವಾದ್ಯದ ಹಾಗೆ ಸಾಲಿಗೆ ತರುತ್ತದೆ. ಇದನ್ನು ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಮತ್ತೆ ವಿವರವಾಗಿ ಬರೆದರು. ಕಲ್ಲಿನ ಪುಡಿಯನ್ನೂ ಅನ್ನವನ್ನೂ ಅರೆದು, ಪದರದ ಮೇಲೆ ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ ಉಜ್ಜಿ ಆ ಕರಣೆಯನ್ನು ಕೂರಿಸಿದವರು ಯಾವ ಲೆಕ್ಕವನ್ನೂ ಬರೆದಿಡದೆ ಕಿವಿಯಿಂದಲೇ ಇದನ್ನು ಸಾಧಿಸಿದ್ದರು.

ಚರಿತ್ರೆ ಕೇಳಿದರೆ ಗುರುಗಳು ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸಿದರು. ತಂಜಾವೂರು, ಪುದುಕೋಟೆ ಪರಂಪರೆಗಳು, ಪಾಲಘಾಟ್ ಮಣಿ ಅಯ್ಯರ್, ಎಡಗೈಯಲ್ಲಿ ನುಡಿಸಿ ಗೆದ್ದ ಪಳನಿ ಸುಬ್ರಮಣ್ಯ ಪಿಳ್ಳೆ. ನಮ್ಮ ಕಡೆ, 1964ರಲ್ಲಿ ಟಿ. ಎ. ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಅವರ ತಂಡ ಪತ್ನಿ ರಮಾಮಣಿಯವರ ಹಾಡುಗಾರಿಕೆಯೊಂದಿಗೆ ಯುರೋಪಿನ ಜಾಝ್ ವೇದಿಕೆಗಳವರೆಗೂ ಹೋಯಿತು. ಹೆಂಗಸರ ಹೆಸರು ಬಂದದ್ದು ನಾನು ಕೇಳಿದ ಮೇಲೆಯೇ. ಪುದುಕೋಟೆ ಪರಂಪರೆಯ ಟಿ. ಎಸ್. ರಂಗನಾಯಕಿ ಬಹಳ ಹಿಂದೆಯೇ ಮೃದಂಗ ಹಿಡಿದು ವೇದಿಕೆ ಏರಿದ್ದರು. ಬೆಂಗಳೂರಿನ ಘಟವಾದಕಿ ಸುಕನ್ಯಾ ರಾಮಗೋಪಾಲ್ ಅವರ ಕತೆಯನ್ನು ಈ ಅರವತ್ತೊಂದರ ಶಿಷ್ಯೆಯೇ ನನಗೆ ಹೇಳಿದರು, ತಮ್ಮ ಮನೆಯ ಹುಡುಗಿಯ ಕತೆ ಹೇಳುವ ಹಾಗೆ. ಪಿಟೀಲು ಕಲಿಯಲು ಮದರಾಸಿನ ಶಾಲೆಗೆ ಹೋದ ಹುಡುಗಿಯನ್ನು ಅಲ್ಲಿಯ ಮೃದಂಗದ ಸದ್ದು ಎಳೆದುಕೊಂಡಿತು. ಘಟ ಕಲಿಯುತ್ತೇನೆ ಎಂದಾಗ ಹುಡುಗಿಯರ ಬೆರಳಿಗೆ ಅದು ಕಷ್ಟ ಎಂದವರು ಸ್ವತಃ ವಿಕ್ಕು ವಿನಾಯಕರಾಂ. ಆದರೆ ವಿನಾಯಕರಾಂ ಅವರ ತಂದೆ ಹರಿಹರ ಶರ್ಮ ತಾವೇ ಕಲಿಸಿ ತೋರಿಸಿದರು. ‘ಹರಿಹರ ಶರ್ಮರಂಥೋರು ಒಬ್ರು ನಮ್ಮ ಬೀದೀಲಿ ಇದ್ದಿದ್ರೆ’ ಎಂದು ಆಕೆ ರವೆಯ ಅಂಚನ್ನು ಹೆಬ್ಬೆರಳಿನಿಂದ ನಯಮಾಡುತ್ತಾ ಕೂತರು.

ಈ ವಾದ್ಯದ ಕಷ್ಟ ಕಲಿಯುವವರದ್ದು ಮಾತ್ರ ಅಲ್ಲ. ಮುಖ ಕಟ್ಟುವುದಕ್ಕೆ ಹಸು, ಆಡು, ಎಮ್ಮೆಯ ಚರ್ಮಗಳು ಬೇಕು. ಯಾವ ಚರ್ಮ ಯಾವ ಪದರಕ್ಕೆ ಎಂದು ಬೆರಳಿನಿಂದ ತಡವಿಯೇ ಹೇಳುವವರು ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದ ಕುಟುಂಬದವರು. ವಿದ್ವಾಂಸರ ಹೆಸರು ಕಛೇರಿಯ ಪಟ್ಟಿಯಲ್ಲಿ ಬಂತು, ಇವರದು ಬರಲಿಲ್ಲ. ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಎನ್ನುವ ಕುಶಲಕರ್ಮಿಯ ಕೈ ಇತ್ತು. ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ ಈ ಕುಶಲಕರ್ಮಿಗಳ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ ಬರೆಯುವವರೆಗೆ ಸಂಗೀತ ಕೇಳುವ ನಮ್ಮಲ್ಲಿ ಎಷ್ಟೋ ಜನ ಅದನ್ನು ಯೋಚಿಸಿಯೂ ಇರಲಿಲ್ಲ. ನಾನೂ ಅವರಲ್ಲಿ ಒಬ್ಬಳು. ಮೃದಂಗದ ಪಾಠ ಈ ಕೈಗಳಿಗೆ ನಮಸ್ಕಾರ ಹೇಳಿಯೇ ಶುರುವಾಗಬೇಕು ಎಂದು ಈಗ ಅನ್ನಿಸುತ್ತದೆ. ಬೆಂಗಳೂರಿನ ಕೆ. ವರದರಂಗನ್ ಕೃತಕ ಮುಖದ, ಬೋಲ್ಟು ತಿರುಗಿಸಿ ಶ್ರುತಿ ಮಾಡುವ ಮೃದಂಗ ರೂಪಿಸಿದ್ದಾರೆ. ಹಗುರ, ಮಳೆಗೆ ಹೆದರುವುದಿಲ್ಲ, ದೂರ ಹೋಗುವವರಿಗೆ ವರ. ಆದರೂ ಕಲ್ಲಿನಿಂದ ಹೆಣಿಗೆಯ ಅಂಚನ್ನು ತಟ್ಟಿ, ಕಿವಿ ಕೊಟ್ಟು, ಇನ್ನೊಂದು ಕಣ್ಣಿಗೆ ಸರಿದು ಮತ್ತೆ ತಟ್ಟುವ ಆ ಹತ್ತು ನಿಮಿಷವನ್ನು ಮಕ್ಕಳು ಕಳೆದುಕೊಳ್ಳಬಾರದು. ಶ್ರುತಿ ಎಂದರೇನು ಎಂದು ಅವರಿಗೆ ತಿಳಿಯುವುದು ಅಲ್ಲೇ.

ಸಂಗೀತದ ಜೂನಿಯರ್ ಪರೀಕ್ಷೆಯವರೆಗೆ ಮಕ್ಕಳು ಬರುತ್ತಾರೆ. ಆಮೇಲೆ ಒಂಬತ್ತನೇ ಕ್ಲಾಸು, ಟ್ಯೂಷನ್ನು. ಗೋಡೆಗೆ ಒರಗಿಸಿಟ್ಟ ಆರು ಮೃದಂಗಗಳಿಗೆ ಗವಸು ಹಾಕಿತ್ತು. ಯಾರದು ಎಂದು ಕೇಳಿದೆ. ‘ಬರ್ತೀವಿ ಅಂತ ಹೇಳಿ ಹೋದೋರದ್ದು’ ಎಂದರು ಗುರುಗಳು. ವಾರಕ್ಕೊಮ್ಮೆ ಗವಸು ತೆಗೆದು ಅವುಗಳ ಮೇಲೂ ಕೈಯಾಡಿಸುತ್ತಾರೆ.

ಒಂಬತ್ತಕ್ಕೆ ಪಾಠ ಮುಗಿಯಿತು. ಮಕ್ಕಳು ರವೆ ಕೆರೆದು, ತೊಪ್ಪಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊರಟರು. ರವೆ ಹಾಗೇ ಬಿಟ್ಟರೆ ಒಣಗಿ ಬಿರಿಯುತ್ತದೆ, ಇರುವೆ ಮುತ್ತುತ್ತವೆ. ಆಕೆ ಮಾತ್ರ ರವೆ ತೆಗೆಯಲಿಲ್ಲ. ಪ್ರತಿ ವಾರ ಹತ್ತು ನಿಮಿಷ ಹೆಚ್ಚಿಗೆ ಕೂರುತ್ತಾರಂತೆ. ನಾನು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಒಂದು ‘ನಂ’ ಬಂತು. ದುಂಡಗೆ, ಗುಡಿಯ ಸಣ್ಣ ಗಂಟೆಯ ಹಾಗೆ, ಹೊಸಿಲು ದಾಟಿ ಬಂತು. ಅಡುಗೆಮನೆಯಿಂದ ಗುರುಗಳು ‘ಅದೇ ಅಮ್ಮ, ಅದೇ!’ ಎಂದು ಕೂಗಿದರು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮತ್ತೆ ಶುರುವಾಯಿತು, ‘ತ, ದಿ, ತೊಂ’, ಅದಾದ ಮೇಲೆ ‘ಟಕ್’. ಮತ್ತೆ ‘ತ, ದಿ, ತೊಂ’. ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡು ನಾನೂ ನಾಲ್ಕನೆಯದಕ್ಕಾಗಿ ಕಾಯುತ್ತಾ ನಿಂತೆ.