ಗುಟ್ಟಾಗಿ ನುಂಗುವ ಗುಳಿಗೆಯ ವಿಚಾರ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ದಾಸ್ತಾನು ಇವುಗಳ ಬಗ್ಗೆ ಬರೆಯುವ ಈ ಪುಟದಲ್ಲಿ ಈ ಸಲ ಸ್ವಲ್ಪ ಸಂಕೋಚದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಕಳೆದ ಮಳೆಗಾಲದ ಮುಂಚೆ ಮೈಲುತುತ್ತ ಒಯ್ಯಲು ಬಂದ ಸದಸ್ಯರೊಬ್ಬರು ಉಳಿದವರೆಲ್ಲ ಹೊರಡುವವರೆಗೆ ಕಾದು ಕುಳಿತು, ಜೇಬಿನಿಂದ ಗುಳಿಗೆಯ ಪಟ್ಟಿಯೊಂದನ್ನು ತೆಗೆದು, "ಸೆಕ್ರೆಟ್ರಿಗಳೇ, ಇದನ್ನ ತಗಂಡ್ರೆ ಏನೂ ತೊಂದ್ರೆ ಇಲ್ವಲ್ಲ?" ಎಂದು ಮೆಲ್ಲಗೆ ಕೇಳಿದರು. ಪೇಟೆಯಿಂದ ವೈದ್ಯರ ಚೀಟಿಯಿಲ್ಲದೆ ತಂದ ಸಿಲ್ಡೆನಾಫಿಲ್ ಅದು. ಎದೆನೋವು ಬಂದರೆ ನಾಲಗೆಯ ಕೆಳಗಿಡುವ ಮಾತ್ರೆಯೂ ಅವರಲ್ಲಿದೆಯೆಂದು ಮಾತಿನ ನಡುವೆ ತಿಳಿಯಿತು. ನಾನು ವೈದ್ಯನಲ್ಲ. ಆದರೂ ಈ ಎರಡು ಒಬ್ಬರ ಹೊಟ್ಟೆ ಸೇರಬಾರದೆಂಬಷ್ಟು ಓದಿದ್ದೆ. ಮರುದಿನವೇ ಅವರನ್ನು ವೈದ್ಯರಲ್ಲಿಗೆ ಕಳುಹಿಸಿದೆ.

ಈ ಔಷಧಿ ಮೊದಲು ಪರೀಕ್ಷೆಗೊಳಗಾದದ್ದೇ ಎದೆನೋವಿಗಾಗಿ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪೆನಿಯ ಪ್ರಯೋಗಶಾಲೆಯವರು ಆ ಕೆಲಸದಲ್ಲಿರುವಾಗ ಇದರ ಇನ್ನೊಂದು ಗುಣ ಕಂಡುಬಂತು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಿನಿಂದ ಮಂಜೂರಾಯಿತು. ಗಂಡಸಿಗೆ ಉದ್ರೇಕವಾದಾಗ ನರಗಳಿಂದ ನೈಟ್ರಿಕ್ ಆಕ್ಸೈಡ್ ಹೊರಟು, ಶಿಶ್ನದ ರಕ್ತನಾಳಗಳು ಸಡಿಲಗೊಂಡು ರಕ್ತ ತುಂಬುತ್ತದೆ. ಹಾಗೆ ಸಡಿಲಗೊಳಿಸುವ ವಸ್ತು ಬೇಗನೆ ಕರಗಿಹೋಗದಂತೆ ಗುಳಿಗೆ ತಡೆಯುತ್ತದೆ. ಬಯಕೆಯನ್ನು ಅದು ಹುಟ್ಟಿಸುವುದಿಲ್ಲ; ಮನಸ್ಸಿಲ್ಲದಲ್ಲಿ ಗುಳಿಗೆಯೂ ಇಲ್ಲ.

ಅಪಾಯವಿರುವುದೂ ಇಲ್ಲಿಯೇ. ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್ ಮುಂತಾದ ಎದೆನೋವಿನ ಮಾತ್ರೆಗಳೆಲ್ಲ ನೈಟ್ರೇಟ್ ಜಾತಿಯವು. ಅವೂ ಇದೇ ದಾರಿಯಲ್ಲಿ ರಕ್ತನಾಳಗಳನ್ನು ಅಗಲಿಸುತ್ತವೆ. ಕೆರೆಯ ಎರಡು ತೂಬುಗಳನ್ನೂ ಒಟ್ಟಿಗೆ ಎತ್ತಿದಂತೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೆ ಸಂಚಕಾರವಾಗಬಹುದು. ನೈಟ್ರೇಟ್ ಬಳಸುವವರು, ದಿನವೂ ನುಂಗುವುದಾಗಲಿ ಅಪರೂಪಕ್ಕೆ ನಾಲಗೆಯ ಕೆಳಗಿಡುವುದಾಗಲಿ, ಈ ಗುಳಿಗೆಯನ್ನು ಮುಟ್ಟಲೇಬಾರದು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್‌ಸುಲೋಸಿನ್, ರಕ್ತದೊತ್ತಡಕ್ಕೆ ಪ್ರಾಜೋಸಿನ್ ನುಂಗುವವರಿಗೂ ತಲೆಸುತ್ತಿ ಬೀಳುವ ಭಯವುಂಟು. ಅವರು ವೈದ್ಯರಿಗೆ ತಿಳಿಸಿಯೇ ಕಡಿಮೆ ಪ್ರಮಾಣದಿಂದ ಆರಂಭಿಸಬೇಕು. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆದವರಂತೂ ಮೊದಲು ಕೇಳುವುದು, ಆಮೇಲೆ ಉಳಿದದ್ದು.

ಪ್ರಮಾಣದ ವಿಷಯದಲ್ಲಿ ನಮ್ಮವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1 ಕಿಲೋ ಮೈಲುತುತ್ತಕ್ಕೆ 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಅಳೆದು ಬೋರ್ಡೋ ಮಾಡುವವರು ನಾವು. ಸಾಮಾನ್ಯವಾಗಿ 50 ಮಿಲಿಗ್ರಾಂ, ಸುಮಾರು ಒಂದು ಗಂಟೆ ಮುಂಚಿತವಾಗಿ, ದಿನಕ್ಕೆ ಒಂದೇ ಸಲ. ಅರುವತ್ತೈದು ದಾಟಿದವರಿಗೆ, ಯಕೃತ್ತು ಮೂತ್ರಪಿಂಡ ಕೆಟ್ಟವರಿಗೆ 25ರಿಂದ ಆರಂಭ. ಜಿಡ್ಡಿನ ಭಾರೀ ಊಟದ ಮೇಲೆ ನುಂಗಿದರೆ ಗುಣ ತಡವಾಗಿ ಕಾಣುತ್ತದೆ. ಇದನ್ನರಿಯದೆ ಇನ್ನೊಂದು ನುಂಗಿ ತೊಂದರೆಗೆ ಸಿಕ್ಕುವವರಿದ್ದಾರೆ. ಮದ್ಯದೊಡನೆ ಬೇಡ. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಹೊಟ್ಟೆಯುರಿ, ಕೆಲವರಿಗೆ ಕಣ್ಣಿಗೆ ನೀಲಿ ಛಾಯೆ, ಇವು ತಾನಾಗಿ ಇಳಿಯುತ್ತವೆ. ಆದರೆ ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ, ದೃಷ್ಟಿ ಅಥವಾ ಶ್ರವಣ ಹಠಾತ್ತನೆ ಹೋದರೆ, ನಾಚದೆ ಆಸ್ಪತ್ರೆಗೆ ಹೋಗಬೇಕು.

ವೈದ್ಯರಲ್ಲಿಗೆ ಹೋಗಿ ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಅಣಬೆ ರೋಗದಲ್ಲಿ ಸೋಗೆ ಹಳದಿಯಾದಾಗ ಕೊಳೆ ಬೇರಿನಲ್ಲಿರುತ್ತದಷ್ಟೆ. ಹಾಗೆಯೇ ಈ ತೊಂದರೆ ಎಷ್ಟೋ ಸಲ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಹೃದ್ರೋಗದ ಮೊದಲ ಗುರುತು. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವಾದ್ದರಿಂದ ಕಟ್ಟುವಿಕೆ ಅಲ್ಲಿ ಮೊದಲು ತಿಳಿಯುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಇದು ಹೆಚ್ಚು. ಕೆಲವು ಬಿ.ಪಿ. ಮಾತ್ರೆಗಳಿಂದಲೂ ಬರುವುದುಂಟು, ಹಾಗೆಂದು ಅವನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರೇ ಬದಲಾಯಿಸಿಕೊಡುತ್ತಾರೆ. ಚಿಂತೆ, ಸಾಲ, ಮನೆಯೊಳಗಿನ ಮುನಿಸು ಕಾರಣವಾಗಿದ್ದರೆ ಗುಳಿಗೆಗಿಂತ ಮಾತುಕತೆಯೇ ಹೆಚ್ಚು ಫಲ ಕೊಡುತ್ತದೆ.

ಬಸ್ ನಿಲ್ದಾಣದ ಗೋಡೆಯ ಮೇಲಿನ ಭಿತ್ತಿಪತ್ರಗಳನ್ನು ನಂಬಿ ಹೋಗುವವರಿಗೂ ಒಂದು ಮಾತು. ಗಿಡಮೂಲಿಕೆಯದೆಂದು ಮಾರುವ ಪುಡಿ, ಗುಳಿಗೆಗಳಲ್ಲಿ ಸಿಲ್ಡೆನಾಫಿಲನ್ನೇ ಕದ್ದು ಬೆರೆಸಿದ್ದು ಹಲವು ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಅದರಲ್ಲಿ ಎಷ್ಟಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಕೊನೆಯದಾಗಿ, ಹೆಂಡತಿಗೆ ತಿಳಿಸದೆ ಇದನ್ನು ತೆಗೆದುಕೊಳ್ಳಬೇಡಿ. ನಮ್ಮ ಮನೆಗಳು ತೋಟದ ನಡುವೆ, ಆಸ್ಪತ್ರೆ ದೂರ. ರಾತ್ರಿ ಎದೆನೋವು ಬಂದರೆ ಮನೆಯವರು ಅಕ್ಕರೆಯಿಂದಲೇ, ಅಪ್ಪನದೋ ಅಣ್ಣನದೋ ಡಬ್ಬಿಯಿಂದ ಸಾರ್ಬಿಟ್ರೇಟ್ ತೆಗೆದು ಬಾಯಿಗಿಡುತ್ತಾರೆ. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆಯುವ ಮೊದಲು ಅದು ಕೂಡದು. 108ಕ್ಕೆ ಕರೆ ಮಾಡಿ, ಬಂದವರಿಗೆ ಯಾವ ಗುಳಿಗೆ, ಎಷ್ಟು ಗಂಟೆಗೆ ನುಂಗಿದ್ದು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಬೇಕು. ಖಾಲಿ ಪಟ್ಟಿಯಿದ್ದರೆ ಅದನ್ನೂ ಕೈಯಲ್ಲಿ ಕೊಡಿ.